ಕಳಲೆ ಬೇಡಿದ ತಾಯಿ

ಎಲ್ಲ ಶುರುವಾದದ್ದು ಒಂದು ಸೀನಿನಿಂದ. ಆ ದಿನ ದೆಂಪಾಚಿ ಸೀನದೆ ಇದ್ದಿದ್ದರೆ, ಅಥವಾ ಸೀನುವ ಮುಂಚೆ ಕೈಯಲ್ಲಿದ್ದ ಚಾಕುವನ್ನಾದರೂ ಕೆಳಗಿಟ್ಟಿದ್ದರೆ, ಈ ಕತೆ ಹೇಳುವ ಕೆಲಸವೇ ನನಗೆ ಬೀಳುತ್ತಿರಲಿಲ್ಲ.

ದೆಂಪಾಚಿ ಮರದ ಅಚ್ಚು ಕೆತ್ತುವವನು. ಜಪಾನಿನ ಎಡೊ ಪಟ್ಟಣದ ಹಿಸಾಗೊಯಾ ಎಂಬ ಪಟದಂಗಡಿಯ ಹಿಂಬದಿ ಕೋಣೆಯಲ್ಲಿ ಅವನ ಕೆಲಸ. ವಯಸ್ಸು ನಲವತ್ತರ ಹತ್ತಿರ ಬಂದಿದ್ದರೂ ಅವನ ಪಾಲಿಗೆ ಬರುತ್ತಿದ್ದದ್ದು ಬಟ್ಟೆಯ ನೆರಿಗೆ, ಬೇಲಿ, ಬಂಡೆ, ಹಿಮ ಹೊತ್ತ ಬಿದಿರು ಇಂಥವೇ. ಮುಖ, ಕೂದಲು ಇವೆಲ್ಲ ಹಿರಿಯ ಕೆತ್ತನೆಗಾರರ ಸೊತ್ತು. ಬೇರೆಯವರು ಅವುಗಳತ್ತ ಚಾಕು ತಿರುಗಿಸಿದರೂ ಬೈಗುಳ ತಿನ್ನಬೇಕಿತ್ತು.

ನಾಟಕದವರ ಪಟ, ಬೆಡಗಿಯರ ಪಟ ಮಾರಕೂಡದೆಂದು ಸರ್ಕಾರದ ಹುಕುಂ ಹೊರಟ ಮೇಲೆ ಊರಿನ ಪಟದಂಗಡಿಗಳಿಗೆಲ್ಲ ಇದ್ದಕ್ಕಿದ್ದಂತೆ ಸದ್ಬುದ್ಧಿ ಬಂದಿತ್ತು. ಹಿಸಾಗೊಯಾದ ಮಾಲೀಕ ಕ್ಯೂಬೆ ಚೀನಾ ದೇಶದ ಇಪ್ಪತ್ತನಾಲ್ಕು ಮಾತೃಪಿತೃಭಕ್ತರ ಪಟಗಳನ್ನು ಒಂದೊಂದಾಗಿ ಹೊರಗೆ ತರುತ್ತಿದ್ದ. ತಾಯಿಗೆ ಮೀನು ಬೇಕೆಂದು ಹೆಪ್ಪುಗಟ್ಟಿದ ಕೊಳದ ಮೇಲೆ ಬರಿಮೈಯಲ್ಲಿ ಮಲಗಿದವನು, ಅಪ್ಪ ಅಮ್ಮನ ನಿದ್ದೆ ಕೆಡದಿರಲೆಂದು ಸೊಳ್ಳೆಗಳಿಗೆಲ್ಲ ತನ್ನ ಮೈ ಒಡ್ಡಿದವನು, ಹೀಗೆ. ಪಟಗಳು ಅಷ್ಟೇನೂ ಖರ್ಚಾಗುತ್ತಿರಲಿಲ್ಲ. ಕೊಂಡವರೆಲ್ಲ ಅಪ್ಪ ಅಮ್ಮಂದಿರು. ಮಕ್ಕಳು ಅಂಗಡಿಯ ಮುಂದೆ ಬೇರೆ ಕಡೆ ನೋಡುತ್ತ ನಡೆದುಹೋಗುತ್ತಿದ್ದರು.

ದೆಂಪಾಚಿಯ ತಾಯಿ ಒತಾಕಿಯಂತೂ ಪ್ರತಿ ಪಟವನ್ನೂ ಮನೆಯ ಕಾನೂನು ಮಾಡಿಕೊಂಡಿದ್ದಳು. ಸೊಳ್ಳೆಯ ಪಟ ಬಂದ ರಾತ್ರಿ ಮಗನ ಕಡೆಯ ಸೊಳ್ಳೆಪರದೆಯನ್ನು ಎತ್ತಿ ಮೇಲೆ ಸಿಕ್ಕಿಸಿದ್ದಳು. ಮೀನಿನ ಪಟ ಬಂದ ಮೇಲೆ, ಸ್ನಾನದ ನೀರು ತಣ್ಣಗಿದೆ ಎಂದು ದೆಂಪಾಚಿ ಬಾಯಿ ಬಿಡುವಂತೆಯೇ ಇರಲಿಲ್ಲ.

ಮುಂದಿನ ಪಟ ಕಳಲೆಯದು. ಕಾಯಿಲೆ ಬಿದ್ದ ಮುದಿ ತಾಯಿಗೆ ನಡುಚಳಿಗಾಲದಲ್ಲಿ ಎಳೆ ಬಿದಿರಿನ ಕಳಲೆ ತಿನ್ನುವ ಆಸೆಯಾಗುತ್ತದೆ. ಮಗ ಹಿಮ ಅಗೆಯುತ್ತ ಅಳುತ್ತಾನೆ. ನೆಲ ಕರುಣೆಯಿಂದ ಕಳಲೆ ಕೊಡುತ್ತದೆ. ಆ ವಾರ ಹಿರಿಯ ಕೆತ್ತನೆಗಾರನಿಗೆ ಹಲ್ಲು ನೋವು ಬಂದು ದವಡೆ ಬನ್ನಿನಂತೆ ಊದಿಕೊಂಡಿತು. ಮಗನ ಮುಖ ಹೇಗೋ ಮುಗಿಸಿ ಆತ ಮನೆಗೆ ಹೋದ. ಹಾಸಿಗೆಯಲ್ಲಿ ಕೂತ ಮುದುಕಿಯ ಮುಖ, ಹೆಬ್ಬೆರಳಿನಷ್ಟು ದೊಡ್ಡದು, ಅದು ದೆಂಪಾಚಿಯ ಪಾಲಿಗೆ ಬಂತು. ಅವನು ಅವತ್ತು ರಾತ್ರಿಯೇ ಅಮ್ಮನ ಮುಂದೆ ಎದೆಯುಬ್ಬಿಸಿ ಹೇಳಿಕೊಂಡ: ನಾಳೆಯಿಂದ ನಾನು ಮುಖ ಕೆತ್ತುತ್ತೇನೆ.

ಮರುದಿನ ಸೀನು ಬಂತು. ಚಾಕು ಮುದುಕಿಯ ಮೂಗು, ಬಾಯಿ, ಒಂದು ಹುಬ್ಬು ಮೂರನ್ನೂ ಹೊತ್ತುಕೊಂಡು ಹೋಯಿತು.

ಈ ಕೆಲಸದಲ್ಲಿ ಚಿತ್ರಕಾರ ಬರೆದ ತೆಳು ಕಾಗದವನ್ನೇ ಹಲಗೆಗೆ ಕವುಚಿ ಅಂಟಿಸಿ ಅದರ ಮೇಲೆ ಕೆತ್ತುತ್ತಾರೆ. ಕೆತ್ತುತ್ತ ಹೋದಂತೆ ಚಿತ್ರ ಚೂರಾಗಿ ಉದುರುತ್ತದೆ, ಅಚ್ಚೊಂದೇ ಉಳಿಯುತ್ತದೆ. ಆದ್ದರಿಂದ ಆ ಮುದುಕಿಯ ಮುಖ ಹೇಗಿತ್ತು ಎಂದು ಕೇಳಲು ಚಿತ್ರಕಾರನ ಹತ್ತಿರವೇ ಹೋಗಬೇಕು. ಆತ ಬಿಸಿನೀರಿನ ಬುಗ್ಗೆಯಲ್ಲಿ ಮೈ ನೆನೆಸಿಕೊಂಡು ಬರುತ್ತೇನೆಂದು ದೂರದ ಬೆಟ್ಟಕ್ಕೆ ಹೋಗಿದ್ದ. ದೆಂಪಾಚಿ ಬಾಯಿ ಮುಚ್ಚಿಕೊಂಡು ಹಾಳಾದ ಜಾಗವನ್ನು ಚೌಕಾಗಿ ಕೊರೆದು, ಹೊಸ ಮರದ ತುಂಡು ಬಿಗಿದು, ಬರಿಗೈಯಲ್ಲಿ ಇನ್ನೊಂದು ಮುಖ ಕೆತ್ತಿದ. ಯಾವುದೋ ಒಬ್ಬ ಮುದುಕಿ ಎಂದುಕೊಂಡೇ ಕೆತ್ತಿದ. ಆದರೆ ಅವನ ಕೈಗೆ ಗೊತ್ತಿದ್ದ ಮುದುಕಿ ಒಬ್ಬಳೇ.

ಮೊದಲ ಪ್ರತಿಯನ್ನು ಹಲಗೆಯಿಂದ ಎತ್ತಿದಾಗ ಅವನ ಜೀವ ಬಾಯಿಗೆ ಬಂತು. ಹಾಸಿಗೆಯಲ್ಲಿ ಕೂತಿದ್ದವಳು ಒತಾಕಿ. ಕೆಳಗೆ ಎಳೆದ ಅದೇ ಬಾಯಿ, ಅನ್ನ ತಳ ಹಿಡಿದಿದೆಯೇ ಎಂದು ಪಾತ್ರೆ ಬಗ್ಗಿ ನೋಡುವಾಗ ಮೇಲೇರುವ ಅದೇ ಒಂದು ಹುಬ್ಬು. ಕಳಲೆ ತಂದುಕೊಟ್ಟರೂ ಎಳೆಯದಾಗಿಲ್ಲ ಎಂದು ವಾಪಸು ಕಳಿಸುವಂಥ ಮುಖ.

"ಭೇಷ್! ಜೀವ ಇದೆ ಕಣಯ್ಯ ಮುಖದಲ್ಲಿ!" ಎಂದ ಕ್ಯೂಬೆ. ಪಟ ಅಚ್ಚಿಗೆ ಹೋಯಿತು.

ಬೇರೆ ಕಾಲವಾಗಿದ್ದರೆ ದೆಂಪಾಚಿ ಒಂದು ತಿಂಗಳು ಬೈಸಿಕೊಂಡು ಸುಮ್ಮನಾಗುತ್ತಿದ್ದ. ಆದರೆ ಅವನಿಗೆ ಮದುವೆಯ ಮಾತು ನಡೆಯುತ್ತಿತ್ತು. ಇಷ್ಟು ವರ್ಷ ಬಂದ ಹೆಣ್ಣುಗಳನ್ನೆಲ್ಲ ಒತಾಕಿ ಬೇಡವೆಂದಿದ್ದಳು. ಒಬ್ಬಳ ನಡಿಗೆ ಭಾರ, ಒಬ್ಬಳ ನಗು ಜೋರು, ಇನ್ನೊಬ್ಬಳು ಮೂಲಂಗಿಯನ್ನು ದಪ್ಪ ಹೆಚ್ಚುತ್ತಾಳೆ. ಈ ಸಲದ ಹೆಣ್ಣು ಬೀದಿಯ ಮೂಲೆಯಲ್ಲಿ ತೋಫು ಮಾಡಿ ಮಾರುವ ಒನುಯಿ. ಗಂಡ ಸತ್ತ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ, ಕೈ ಬಾಯಿ ಎರಡೂ ಗಟ್ಟಿಯಿದ್ದ ಹೆಣ್ಣು. ದೆಂಪಾಚಿಗೆ ಅವಳೆಂದರೆ ಎಷ್ಟು ಇಷ್ಟವೆಂದರೆ, ತೋಫು ಎಂದರೆ ಆಗದಿದ್ದರೂ ದಿನಾ ಕೊಂಡು ತಿನ್ನುತ್ತಿದ್ದ. ಅವಳ ತೋಫು ಎತ್ತಿದರೆ ಒಡೆಯುವುದಿಲ್ಲ ಎಂಬ ಒಂದು ಮೆಚ್ಚುಗೆಯ ಮಾತು ಒತಾಕಿಯ ಬಾಯಿಂದಲೂ ಬಂದಿತ್ತು. ವಠಾರದ ಉಸ್ತುವಾರಿ ಮೊಹೆಯೇ ಮಧ್ಯಸ್ಥಿಕೆ ವಹಿಸಿದ್ದ. ಇವತ್ತು ದೀಪ ಹಚ್ಚುವ ಹೊತ್ತಿಗೆ ಬಂದರೆ ಹೂಂ ಅಥವಾ ಊಹೂಂ ಹೇಳುವುದಾಗಿ ಒತಾಕಿ ಮಾತು ಕೊಟ್ಟಿದ್ದಳು.

ಪಟ ಅಂಗಡಿಯಲ್ಲಿ ತೂಗಿದ್ದೂ ಇವತ್ತೇ. ಒತಾಕಿಗೆ ತನ್ನ ರೂಪದ ಬಗ್ಗೆ ಯಾರೂ ಸೊಲ್ಲೆತ್ತಕೂಡದು. ಕೂದಲು ತೆಳ್ಳಗಾಯಿತಲ್ಲ ಎಂದು ಪಕ್ಕದ ಮನೆಯ ಒಕುಮಾ ಒಮ್ಮೆ ಅಂದಿದ್ದಕ್ಕೆ ಅರ್ಧ ವರ್ಷ ಅವಳ ಜೊತೆ ಮಾತು ಬಿಟ್ಟಿದ್ದವಳು. ಇನ್ನು ಊರ ಮುಂದೆ ತನ್ನನ್ನು ಕಾಯಿಲೆಯ, ಸಿಡುಕಿನ ಮುದುಕಿ ಮಾಡಿ ನೇತುಹಾಕಿದ ಮಗನಿಗೆ ಮದುವೆ ಮಾಡಿಸುತ್ತಾಳೆಯೇ? ಸಂಜೆಯವರೆಗೆ ಅವಳು ಆ ಪಟ ನೋಡಬಾರದು. ದೆಂಪಾಚಿಗೆ ಬೇಕಾಗಿದ್ದದ್ದು ಅಷ್ಟೇ.

ಬೆಳಿಗ್ಗೆ ನೀರಿಗೆಂದು ಬಾವಿಕಟ್ಟೆಗೆ ಹೋದರೆ ಒಕುಮಾ ಅಲ್ಲಿಂದಲೇ ಕೂಗಿದಳು.

"ಲೋ ದೆಂಪಾಚಿ! ನಿಮ್ಮಮ್ಮನ್ನ ಅಂಗಡಿ ಮುಂದೆ ನೇತಾಕಿದಾರಲ್ಲೋ!"

"ಶ್! ಮೆಲ್ಲಗೆ ಒಕುಮಾ ಅಕ್ಕ!"

"ನೋಡ್ಕೊಂಡೇ ಬಂದೆ ಕಣೋ. ನಿನ್ನೆ ನನ್ನ ಮೂಲಂಗಿ ಉಪ್ಪಿನಕಾಯಿ ಬಾಯಿಗಿಟ್ಕೊಂಡಾಗ ಮಾಡಿದ್ರಲ್ಲ, ಥೇಟ್ ಅದೇ ಮುಖ. ಏನು ಕೈಯೋ ನಿಂದು!"

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಸಂಜೆ ತನಕ ಯಾರ ಹತ್ರಾನೂ ಉಸಿರೆತ್ತಬೇಡಿ. ನನ್ನ ಮದುವೆ ವಿಷಯ."

"ನಾನ್ಯಾಕೆ ಹೇಳ್ಲಿ? ನನಗೇನು ಬೇರೆ ಕೆಲಸ ಇಲ್ವಾ?"

ಅವನು ಓಣಿಯ ತುದಿ ಮುಟ್ಟಿ ತಿರುಗಿ ನೋಡಿದಾಗ ವಠಾರದ ಹೆಂಗಸರೆಲ್ಲ ಒಕುಮಾಳ ಸುತ್ತ ನಿಂತಿದ್ದರು. ಯಾರಿಗೂ ಹೇಳಬಾರದು ಎಂಬುದನ್ನು ಆಕೆ ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದಳು.

ಹಿಸಾಗೊಯಾದ ಮುಂದೆ, ಹಿಮ ತಾಗದಂತೆ ಸೂರಿನಡಿ, ಹಗ್ಗಕ್ಕೆ ಬಿದಿರುಕಡ್ಡಿ ಸಿಕ್ಕಿಸಿ ಪಟ ತೂಗಿತ್ತು. ಗಾಳಿಗೆ ಒತಾಕಿ ತಲೆಯಾಡಿಸುತ್ತಿದ್ದಳು. ದೆಂಪಾಚಿ ಸೀದಾ ಹೋಗಿ, "ಧಣಿ, ಇದನ್ನ ಕೆಳಗಿಳಿಸಿ" ಎಂದ.

"ಯಾಕಯ್ಯ? ಅಚ್ಚು ಸರಿಯಾಗಿಲ್ವಾ?"

ನಿಜ ಹೇಳಿದರೆ ಸೀನಿನ ವಿಷಯ, ಮರದ ತುಂಡಿನ ವಿಷಯ ಎಲ್ಲ ಹೊರಗೆ ಬರುತ್ತದೆ. "ಅಲ್ಲ... ಇದು ನನಗೆ ಬೇಕು. ಕೊಂಡ್ಕೋತೀನಿ" ಎಂದುಬಿಟ್ಟ.

"ಓಹೋ! ಮೊದಲನೇ ಮುಖ, ಆಸೆ ಇರತ್ತೆ" ಎಂದು ಕ್ಯೂಬೆ ಪಟವನ್ನು ಸುರುಳಿ ಸುತ್ತಿ ಕೊಟ್ಟ. ಕೊಟ್ಟವನೇ ಅದೇ ಜಾಗದಲ್ಲಿ ಇನ್ನೊಂದನ್ನು ತೂಗಿದ. ಒತಾಕಿ ಮತ್ತೆ ತಲೆಯಾಡಿಸಿದಳು.

ದೆಂಪಾಚಿ ಅದನ್ನೂ ಕೊಂಡ. ಮತ್ತೊಂದು ಬಂತು. ಅದನ್ನೂ ಕೊಂಡ. ಕೆಟ್ಟದ್ದೇನೆಂದರೆ, ಒಬ್ಬ ಮನುಷ್ಯ ಒಂದೇ ಪಟವನ್ನು ಆತುರಾತುರವಾಗಿ ಕೊಳ್ಳುತ್ತಿರುವುದನ್ನು ಕಂಡರೆ ದಾರಿಹೋಕರು ನಿಲ್ಲುತ್ತಾರೆ. ಅದರಲ್ಲೂ ಹೆಂಗಸರು ನಿಂತರು. ಅಕ್ಕಿ ಅಂಗಡಿಯ ಸೊಸೆ ಹತ್ತಿರ ಬಂದು ಪಟವನ್ನು ದಿಟ್ಟಿಸಿ, ಅಂಗಿಯ ತೋಳಿನ ಅಂಚನ್ನು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕಳು. ಅತ್ತಿತ್ತ ನೋಡಿ ಒಂದು ಪಟ ಕೊಂಡು ಎದೆಯೊಳಗೆ ಸಿಕ್ಕಿಸಿಕೊಂಡು ನಡೆದುಬಿಟ್ಟಳು. ಅವಳ ಹಿಂದೆ ಎಣ್ಣೆ ಅಂಗಡಿಯವಳು. ಅವಳೂ ನಕ್ಕಳು, ಅವಳೂ ಕೊಂಡಳು, ಅವಳೂ ಮುಚ್ಚಿಟ್ಟುಕೊಂಡಳು.

'ಮುಗೀತು. ಇಡೀ ಬೀದಿಗೆ ನಮ್ಮಮ್ಮನ ಗುರುತು ಹತ್ತಿಹೋಯ್ತು' ಎಂದುಕೊಂಡ ದೆಂಪಾಚಿ.

"ಏನಯ್ಯ ಇದು ಮಾಯೆ!" ಎಂದು ಕ್ಯೂಬೆ ಕೈ ಕೈ ಉಜ್ಜಿಕೊಂಡ. "ಸೊಸೆಯಂದಿರು ಬಂದು ಮಾತೃಭಕ್ತಿ ಕೊಂಡ್ಕೊಳ್ಳೋದನ್ನ ನಾನಂತೂ ನೋಡಿರ್ಲಿಲ್ಲ. ಏ, ಯಾರಲ್ಲಿ! ಕಳಲೆ ಪಟ ಮುಂದಕ್ಕೆ ತನ್ನಿ! ಹಗ್ಗದ ಉದ್ದಕ್ಕೂ ಅದನ್ನೇ ತೂಗಿ! ಒಳಗೆ ಹೇಳಿ, ಇನ್ನೊಂದು ಸಲ ಅಚ್ಚು ಹಾಕ್ಲಿ!"

ಮರೆಮಾಡಲು ಬಂದವನು ಹಗ್ಗದ ತುಂಬ ಅಮ್ಮನನ್ನು ಸಾಲಾಗಿ ತೂಗಿಸಿ, ಕಂಕುಳಲ್ಲೊಂದು ಕಟ್ಟು ಅಮ್ಮನನ್ನು ಅವುಚಿಕೊಂಡು ಅಲ್ಲಿಂದ ಓಡಿದ. ಈ ಕಟ್ಟನ್ನು ಮನೆಗೆ ಒಯ್ಯುವಂತಿಲ್ಲ. ಬೀದಿಯ ಮೂಲೆಯಲ್ಲಿ ಒನುಯಿ ಹಬೆಯಾಡುವ ಹಂಡೆಯ ಪಕ್ಕ ನಿಂತು ಅವನನ್ನೇ ನೋಡುತ್ತಿದ್ದಳು.

"ಏನದು ಕಂಕುಳಲ್ಲಿ? ಕದ್ದು ತಂದಿರೋ ಹಾಗಿದೆ."

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದರಲ್ಲೂ ಅವಳ ಮುಂದೆ. ಒಂದು ಪಟ ಬಿಚ್ಚಿ ತೋರಿಸಿದ. ಒನುಯಿ ಒದ್ದೆ ಕೈಯನ್ನು ಒರೆಸಿಕೊಂಡು ಪಟ ಹಿಡಿದು ನೋಡಿದಳು. ಅವಳ ತುಟಿ ಅದುರಿತು.

"ನಿಮ್ಮಮ್ಮ."

"ಹೂಂ. ಸೀನು ಬಂದ್ಬಿಡ್ತು."

ಸೀನಿಗೂ ಅಮ್ಮನಿಗೂ ಏನು ಸಂಬಂಧವೆಂದು ಅವನು ಬಿಡಿಸಿ ಹೇಳುವಷ್ಟರಲ್ಲಿ ಅವಳು ಹಂಡೆಯ ಅಂಚು ಹಿಡಿದುಕೊಂಡು ನಗತೊಡಗಿದ್ದಳು. ನಕ್ಕು ಮುಗಿದ ಮೇಲೆ ಕಟ್ಟನ್ನು ಇಸಿದುಕೊಂಡು ಸೋಯಾ ಕಾಳಿನ ಚೀಲಗಳ ಹಿಂದೆ ತುರುಕಿದಳು.

"ಇಲ್ಲಿರ್ಲಿ ಬಿಡಿ. ಅಮ್ಮನ್ನ ಹೊರಗೆ ಬಿಡ್ಬೇಡಿ, ಅಷ್ಟು ನೋಡ್ಕೊಳ್ಳಿ."

"ನಿಂಗೆ... ನಿಂಗೆ ಭಯ ಆಗಲ್ವಾ? ಈ ಮುಖದ ಜೊತೆ ಇರ್ಬೇಕಲ್ಲ ನೀನು?"

"ತೋಫು ಬಿಸಿ ಇಲ್ಲ, ತೋಫು ಚಿಕ್ಕದು ಅಂತ ದಿನಾ ಇಂಥ ಮುಖ ಎಷ್ಟು ಬರ್ತಾವೆ ನನ್ನ ಅಂಗಡಿಗೆ! ಎಲ್ಲರ ಜೊತೆ ಏಗ್ತೀನಿ. ನಿಮ್ಮಮ್ಮನ ಜೊತೇನೂ ಏಗ್ತೀನಿ. ಹೋಗಿ, ಹೋಗಿ."

ಅಂಥ ಹೆಣ್ಣು! ದೆಂಪಾಚಿ ನೆಲದ ಮೇಲೆ ಕಾಲಿಡದೆ ಮನೆಗೆ ಬಂದ. ಬಾಗಿಲು ಸರಿಸಿದರೆ ಒತಾಕಿ ದಪ್ಪ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿ ಹೊರಡಲು ನಿಂತಿದ್ದಳು.

"ಎಲ್ಲಿಗಮ್ಮಾ?"

"ಇನ್ನೆಲ್ಲಿಗೆ? ಹಿಸಾಗೊಯಾಗೆ. ನನ್ನ ಮಗ ಮೊದಲನೇ ಸಲ ಮುಖ ಕೆತ್ತಿದಾನೆ, ಹೆತ್ತೋಳು ನೋಡ್ಬೇಡ್ವಾ?"

"ಹಿಮ ಬೀಳ್ತಿದೆ!"

"ಯಾವಾಗ ನಿಂತಿತ್ತು? ನನ್ನ ಮೆಟ್ಟು ಎಲ್ಲಿ?"

ಮರದ ಮೆಟ್ಟು ದೆಂಪಾಚಿಯ ಬೆನ್ನ ಹಿಂದೆ, ಅವನ ಕೈಯಲ್ಲೇ ಇತ್ತು. ಸಿಕ್ಕದಿದ್ದರೆ ಮಗನದನ್ನೇ ಮೆಟ್ಟಿಕೊಳ್ಳುತ್ತೇನೆಂದು ಒತಾಕಿ ಕಾಲು ಚಾಚಿದಳು. ಬೇರೆ ದಾರಿ ಕಾಣದೆ ದೆಂಪಾಚಿ ಹೊಟ್ಟೆ ಹಿಡಿದುಕೊಂಡು, "ಅಯ್ಯಮ್ಮಾ!" ಎಂದು ಹೊಸ್ತಿಲಿಗೆ ಅಡ್ಡ ಬಿದ್ದ.

ಒಂದು ಮಾತು ಹೇಳಲೇಬೇಕು. ಒತಾಕಿಯ ಬಾಯಿ ಏನೇ ಇರಲಿ, ಮಗನಿಗೆ ನೋವೆಂದರೆ ಆಕೆಗೆ ಪ್ರಪಂಚ ಬೇಡ. ಹಿಸಾಗೊಯಾ ಮರೆತಳು, ಪಟ ಮರೆತಳು. ಅವನನ್ನು ಎಳೆದು ಹಾಸಿಗೆಯಲ್ಲಿ ಹಾಕಿ ಕಷಾಯ ಕುಡಿಸಿದಳು. ಅದು ಕಹಿಯೆಂದು ಮುಖ ಕಿವುಚಿದ್ದಕ್ಕೆ ಇನ್ನೊಂದು ಬಟ್ಟಲು ಕುಡಿಸಿದಳು. ಆಮೇಲೆ ಕಪಾಟಿನಿಂದ ಒಣಸೊಪ್ಪಿನ ಪೊಟ್ಟಣ ತೆಗೆದಳು.

"ಅಮ್ಮಾ, ಅದು ಬೇಡ! ವಾಸಿಯಾಯ್ತು!"

"ಸುಮ್ನೆ ಕವುಚಿಕೋ."

ಒಣಸೊಪ್ಪನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ ಬೆನ್ನ ಮೇಲಿಟ್ಟು ಕಿಡಿ ಮುಟ್ಟಿಸುವುದು ಆ ಊರಿನಲ್ಲಿ ಸಕಲ ರೋಗಕ್ಕೂ ಮದ್ದು. ಮದ್ದು ಉರಿದು ಚರ್ಮ ಮುಟ್ಟಿದಾಗ ರೋಗಿ ತನ್ನ ರೋಗವನ್ನು ಮರೆಯುತ್ತಾನೆ. ದೆಂಪಾಚಿ ಕಿರುಚಿದ.

"ಕಿರುಚ್ಬೇಡ. ಆ ಚೀನಾ ಹುಡುಗ ಅವರಮ್ಮನಿಗೋಸ್ಕರ ಮಂಜುಗಡ್ಡೆ ಮೇಲೆ ಮಲಗಿದ್ದ. ನಿಂಗೆ ನಿಮ್ಮಮ್ಮ ಬೆಚ್ಚಗೆ ಮಾಡಿದ್ರೂ ಆಗಲ್ಲ."

ಮದುವೆಗಾಗಿ ತಾನೇ ಎಂದು ಹಲ್ಲು ಕಚ್ಚಿ ಅವನು ಮಧ್ಯಾಹ್ನವೆಲ್ಲ ಸುಡಿಸಿಕೊಂಡ. ಕಿರುಚಾಟ ಕೇಳಿ ವಠಾರ ಒಬ್ಬೊಬ್ಬರಾಗಿ ಒಳಗೆ ಬಂತು. ಕಾಯಿಲೆಯವನನ್ನು ನೋಡುವ ನೆಪ, ನೋಡುತ್ತಿದ್ದದ್ದು ಒತಾಕಿಯನ್ನು. ಕವುಚಿ ಮಲಗಿದ್ದ ದೆಂಪಾಚಿಗೆ ಎಲ್ಲರ ಎದೆಯಂಗಿಯ ಸಂದಿಯಿಂದ ಇಣುಕುವ ಕಾಗದದ ತುದಿಗಳು ಕಾಣುತ್ತಿದ್ದವು. ಬಕೆಟ್ ಮಾಡುವವನ ಹೆಂಡತಿ ಒತಾಕಿಯ ಮುಖ ನೋಡುವಳು, ತಿರುಗಿ ಕುಳಿತು ತನ್ನ ಎದೆಯೊಳಗೆ ಇಣುಕುವಳು, ಭುಜ ಕುಲುಕಿಸುವಳು.

"ಏನೇ ಅದು, ಕೆಮ್ಮಾ?" ಎಂದು ಒತಾಕಿ ಕೇಳಿದಳು. "ಬಾ, ಅಂಗಿ ಬಿಚ್ಚು, ನಿಂಗೂ ಎರಡು ಉಂಡೆ ಇಡ್ತೀನಿ."

ಅವಳು ತಕ್ಷಣ ವಾಸಿಯಾಗಿ ಎದ್ದುಹೋದಳು. ಒಕುಮಾ ಮಾತ್ರ ಕೊನೆವರೆಗೂ ಅಲ್ಲಾಡಲಿಲ್ಲ. "ನಾನು ಕಾವಲಿದ್ದೀನಿ, ನೀನು ಹೆದರ್ಬೇಡ" ಎಂದು ದೆಂಪಾಚಿಯ ಕಿವಿಯಲ್ಲಿ ಉಸುರಿ, ಅಗ್ಗಿಷ್ಟಿಕೆಯ ಪಕ್ಕದ ಬೆಚ್ಚಗಿನ ಜಾಗದಲ್ಲಿ ಕೂತಿದ್ದಳು.

ಹೊರಗೆ ಬೆಳಕು ಕಂದಿತು. ಒತಾಕಿ ದೀಪ ಹಚ್ಚಿದಳು. ಅದೇ ಹೊತ್ತಿಗೆ ಮೊಹೆ ಕೆಮ್ಮುತ್ತ, ಮೆಟ್ಟಿನ ಹಿಮ ಕೊಡವುತ್ತ ಒಳಗೆ ಬಂದ. ದೆಂಪಾಚಿ ಸುಟ್ಟ ಬೆನ್ನಿನಲ್ಲೇ ಎದ್ದು ಮಂಡಿಯೂರಿ ಕುಳಿತ. ಗೆದ್ದೆ ಎನಿಸಿತು ಅವನಿಗೆ. ಅಮ್ಮ ಪಟ ನೋಡಿಲ್ಲ. ಇನ್ನು ಒಂದು ಹೂಂ ಬಂದರೆ ಸಾಕು.

"ಒತಾಕಿಯಮ್ಮ, ನಿಮ್ಮ ಮಾತಿನ ಪ್ರಕಾರ ಬಂದಿದೀನಿ" ಎಂದ ಮೊಹೆ. "ಏನು ತೀರ್ಮಾನ ಮಾಡಿದ್ರಿ?"

"ಹುಡುಗಿ ಏನೋ ಪರವಾಗಿಲ್ಲ" ಎಂದಳು ಒತಾಕಿ. "ಕೈ ಒರಟು. ಆದ್ರೆ ಬೆಳಿಗ್ಗೆ ಬೇಗ ಏಳ್ತಾಳೆ. ನನಗೂ ವಯಸ್ಸಾಯ್ತು. ಆಗ್ಲಿ ಅಂತಲೇ..."

"ಶುಭ! ಶುಭ!" ಮೊಹೆ ತಡೆಯಲಾರದೆ ನಡುವೆಯೇ ತೊಡೆ ತಟ್ಟಿಕೊಂಡ. "ಶುಭ ಹೊತ್ತಿಗೆ ಬರಿಗೈಲಿ ಬರ್ಬಾರ್ದು ಅಂತ ಒಂದು ಉಡುಗೊರೆ ತಂದಿದೀನಿ. ನಿಮ್ಮ ಮಗನದೇ ಕೈಕೆಲಸ. ಇಡೀ ಬೀದೀಲಿ ಇದೇ ಮಾತು. ನನಗೆ ಕಣ್ಣು ಮಂಜು, ಸರಿಯಾಗಿ ಕಾಣಲ್ಲ, ಆದ್ರೂ ತಾಯಿ ಸೇವೆ ಪಟ ಅಲ್ವಾ, ಗೋಡೆಗೆ ಇರ್ಲಿ ಅಂತ."

ಒಕುಮಾ, "ಅಯ್ಯೋ, ದೀಪ ಹಚ್ಚಿದ ಮೇಲೆ ಪಟ ಬಿಚ್ಚಬಾರ್ದು!" ಎಂದು ಇಲ್ಲದ ಶಾಸ್ತ್ರ ಹುಟ್ಟಿಸಿ ಹಾರಿದಳು. ದೆಂಪಾಚಿಯೂ ಹಾರಿದ. ಇಬ್ಬರ ತಲೆ ಒಂದಕ್ಕೊಂದು ಡಿಕ್ಕಿ ಹೊಡೆಯಿತು. ಅಷ್ಟರಲ್ಲಿ ಮೊಹೆ ಪಟ ಬಿಚ್ಚಿ ದೀಪದ ಮುಂದೆ ಹಿಡಿದಾಗಿತ್ತು.

ಒತಾಕಿ ನೋಡಿದಳು. ಹತ್ತಿರ ಬಗ್ಗಿ ನೋಡಿದಳು. ದೆಂಪಾಚಿ ಚಾಪೆಗೆ ಹಣೆ ಹಚ್ಚಿ ಕಣ್ಣು ಮುಚ್ಚಿಕೊಂಡ. ಅಮ್ಮನ ದನಿ ಕೇಳಿತು. ಅದರಲ್ಲಿ ಸಿಟ್ಟಿರಲಿಲ್ಲ. ಅದು ಅಳುತ್ತಿತ್ತು.

"ಅವರೇ... ಅವರೇ ಇದು."

"ಯಾರಮ್ಮಾ?" ಎಂದ ದೆಂಪಾಚಿ ತಲೆಯೆತ್ತದೆ.

"ಇನ್ಯಾರು? ನಿಮ್ಮಜ್ಜಿ. ನಮ್ಮತ್ತೆ."

ದೆಂಪಾಚಿ ತಲೆಯೆತ್ತಿದ. ಒಕುಮಾ ಬಾಯಿ ತೆರೆದಳು, ಆಮೇಲೆ ಕೈಯಿಂದ ಮುಚ್ಚಿಕೊಂಡಳು. ಒತಾಕಿ ಪಟದ ಮುದುಕಿಯನ್ನು ನೋಡುತ್ತಲೇ ಇದ್ದಳು. ದೀಪದ ಬೆಳಕಿನಲ್ಲಿ ಎರಡು ಮುಖಗಳೂ ಎದುರುಬದುರಾಗಿದ್ದವು, ಕೆಳಗೆಳೆದ ಬಾಯಿಗೆ ಕೆಳಗೆಳೆದ ಬಾಯಿ, ಎತ್ತಿದ ಹುಬ್ಬಿಗೆ ಎತ್ತಿದ ಹುಬ್ಬು.

"ಹೌದಮ್ಮಾ!" ದೆಂಪಾಚಿಗೆ ಎಲ್ಲಿಲ್ಲದ ಹುರುಪು ಬಂತು. "ಅಜ್ಜೀನೇ! ಅಜ್ಜೀನ ನೆನೆಸ್ಕೊಂಡೇ ಕೆತ್ತಿದ್ದು! ಹುಬ್ಬು ನೋಡು, ಬಾಯಿ ನೋಡು, ಎಲ್ಲಾ ಅಜ್ಜೀದೇ!"

"ಅವರು ಹೋದಾಗ ನೀನು ಇಷ್ಟುದ್ದ ಇದ್ದೆ. ಹೇಗೋ ನೆನಪಿಟ್ಕೊಂಡೆ, ಮಗನೇ!"

"ಮರೆಯೋಕಾಗತ್ತೇನಮ್ಮಾ ಆ ಮುಖಾನ!"

"ಮರೆಯೋಕಾಗಲ್ಲ. ನಿಜ" ಎಂದಳು ಒತಾಕಿ, ಕಣ್ಣೊರೆಸಿಕೊಳ್ಳುತ್ತ. "ನಾನೇ ಮರೆತುಬಿಟ್ಟಿದ್ದೆ ನೋಡು. ಹೀಗೇ ಹುಬ್ಬೆತ್ಕೊಂಡು ಬಂದು ಪಾತ್ರೆ ಬಗ್ಗಿ ನೋಡೋರು. ತೊಳೆದ ಅಕ್ಕೀನ ಮತ್ತೆ ತೊಳಿ ಅನ್ನೋರು. ನಾನು ಹೆಚ್ಚಿದ ಮೂಲಂಗಿ ದಪ್ಪ ಅಂತ ನನ್ನ ಕಣ್ಮುಂದೇನೇ ಬೀದಿ ನಾಯಿಗೆ ಹಾಕಿದ್ರು. ಹದಿನೇಳು ವರ್ಷದೋಳು ನಾನು. ಚಳೀಲಿ ಆ ಬಾವಿಕಟ್ಟೆ ಮೇಲೆ ಕೂತು ಅತ್ತಿದೀನಿ, ಮೊಹೆಯವರೇ, ಯಾರಿಗೂ ಕೇಳಿಸದ ಹಾಗೆ ಅತ್ತಿದೀನಿ."

ಒಕುಮಾಳ ಕಣ್ಣು ಕೂಡ ಒದ್ದೆಯಾಗಿತ್ತು. ಅಷ್ಟು ವರ್ಷ ಗೋಡೆಯಾಚೆಗೇ ಇದ್ದರೂ ಒತಾಕಿಯೂ ಒಂದು ಕಾಲಕ್ಕೆ ಸೊಸೆಯಾಗಿದ್ದವಳು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

"ಅವತ್ತು ಬಾವಿಕಟ್ಟೆ ಮೇಲೆ ಆಣೆ ಮಾಡಿದ್ದೆ" ಎಂದಳು ಒತಾಕಿ. "ಈ ಮನೇಲಿ ಇನ್ನೊಂದು ಹೆಣ್ಣು ಅತ್ತೆ ಕೈಲಿ ಸಿಕ್ಕಿ ಅಳೋ ಹಾಗೆ ಆಗ್ಬಾರ್ದು ಅಂತ. ವಯಸ್ಸಾಯ್ತು, ಮರೆತೇಹೋಗಿತ್ತು. ಸರಿಯಾದ ಹೊತ್ತಿಗೆ ನನ್ನ ಮಗ ನೆನಪು ಮಾಡಿದ. ಮೊಹೆಯವರೇ, ಒನುಯಿಗೆ ಹೇಳಿಬಿಡಿ. ಈ ಮದುವೆ ಬೇಡ."

"ಆಂ?" ಎಂದ ಮೊಹೆ.

"ಆಂ?" ಎಂದ ದೆಂಪಾಚಿ, ಅದಕ್ಕಿಂತ ಜೋರಾಗಿ.

"ಹುಡುಗಿ ಕೆಟ್ಟವಳು ಅಂತಲ್ಲ. ಒಳ್ಳೆಯವಳು ಅಂತಾನೇ ಹೇಳ್ತಿರೋದು. ಒಬ್ಬಳೇ ಕಷ್ಟಪಟ್ಟು ನೆಮ್ಮದಿಯಾಗಿದಾಳೆ. ಅತ್ತೆ ಇರೋ ಮನೆಗೆ ಯಾಕೆ ಬಂದು ಸೇರ್ಬೇಕು ಪಾಪ?"

"ಆದ್ರೆ ನೀವೇನು ಆ ಥರದ ಅತ್ತೆ ಅಲ್ವಲ್ಲಾ!" ಎಂದು ಮೊಹೆ ಕೈ ಮುಗಿಯುವಂತೆ ಹೇಳಿದ.

"ಅಲ್ಲ. ಖಂಡಿತ ಅಲ್ಲ. ಆದ್ರೆ ಅತ್ತೆ ಆದ್ಮೇಲೆ ಹೇಗಾಗ್ತೀನೋ ಯಾರಿಗೆ ಗೊತ್ತು? ಅವರೂ ನಾನು ಈ ಮನೆಗೆ ಬರೋ ಮುಂಚೆ ತುಂಬ ಒಳ್ಳೆಯವರೇ ಇದ್ರಂತೆ."

ದೆಂಪಾಚಿಗೆ ಉಳಿದಿದ್ದದ್ದು ಒಂದೇ ದಾರಿ, ನಿಜ ಹೇಳುವುದು. ಅವನು ಅಮ್ಮನತ್ತ ಜರುಗಿದ.

"ಅಮ್ಮಾ... ಅದು ಅಜ್ಜಿ ಅಲ್ಲಮ್ಮಾ."

"ಅಲ್ವಾ? ಮತ್ಯಾರು?"

ಒತಾಕಿಯ ಒಂದು ಹುಬ್ಬು ಮೇಲೇರಿತು. ಬಾಯಿ ಕೆಳಗಿಳಿಯಿತು. ಮೊಹೆ ಮಂಜುಗಣ್ಣಿನಲ್ಲೇ ಪಟ ನೋಡಿದ, ಒತಾಕಿಯನ್ನು ನೋಡಿದ, ಮತ್ತೆ ಪಟ ನೋಡಿದ. ಇದ್ದಕ್ಕಿದ್ದಂತೆ ಅವನಿಗೆ ಎಲ್ಲ ಸ್ಪಷ್ಟವಾಗಿ ಕಂಡಿತು. ಪಟವನ್ನು ತೊಡೆಯ ಕೆಳಗೆ ಸರಿಸಿಕೊಂಡು ಅವನು ಸೂರು ನೋಡತೊಡಗಿದ. ಒಕುಮಾ ಅಗ್ಗಿಷ್ಟಿಕೆಯ ಬೂದಿ ಕೆದಕಿದಳು.

ದೆಂಪಾಚಿ ಯೋಚಿಸಿದ. ಅಜ್ಜಿ ಎಂದರೆ ಮದುವೆ ಇಲ್ಲ. ನೀನೇ ಎಂದರೆ ಮದುವೆಯೂ ಇಲ್ಲ, ಅಮ್ಮನ ಮಾತೂ ಇಲ್ಲ, ಬಹುಶಃ ರಾತ್ರಿ ಊಟವೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಈಗತಾನೇ ಅತ್ತ ಆ ಕಣ್ಣುಗಳ ಮುಂದೆ, 'ನೀನು ಯಾರಿಗೆ ಹೆದರಿ ಅಳುತ್ತಿದ್ದೆಯೋ ಅವಳೇ ಆಗಿಹೋಗಿದ್ದೀಯ' ಎಂದು ಹೇಳುವ ಮಗ ಚೀನಾದಲ್ಲೂ ಹುಟ್ಟಿರಲಿಕ್ಕಿಲ್ಲ.

"ಅಜ್ಜೀನೇ" ಎಂದ.

ಅಷ್ಟರಲ್ಲಿ ಬಾಗಿಲು ಧಡಾರನೆ ಸರಿಯಿತು. ಸಾಕೆ ಎಂಬ ಅಕ್ಕಿ ಹೆಂಡದ ಹೂಜಿ ಹಿಡಿದುಕೊಂಡು ಕ್ಯೂಬೆ ನಿಂತಿದ್ದ, ಕುಡಿಯುವ ಮೊದಲೇ ಮುಖವೆಲ್ಲ ಕೆಂಪು.

"ದೆಂಪಾಚಿ! ಒಂದೂ ಉಳಿದಿಲ್ಲ ಕಣಯ್ಯ! ಅಕ್ಕಿ ಅಂಗಡಿ ಸೊಸೆ 'ಇದು ನಮ್ಮತ್ತೆ' ಅಂದ್ಳು. ಎಣ್ಣೆ ಅಂಗಡಿಯವಳು 'ಅಲ್ಲ, ನಮ್ಮತ್ತೆ' ಅಂದ್ಳು. ಇಬ್ರೂ ಜಗಳ ಆಡ್ಕೊಂಡು ಮತ್ತೆರಡೆರಡು ತಗೊಂಡ್ರು! ಪಟ್ಟಣದಲ್ಲಿರೋ ಸೊಸೆಯರೆಲ್ಲ ನನ್ನ ಅಂಗಡಿ ಮುಂದೆ ನಿಂತಿದಾರೆ. ಇನ್ನು ಮೇಲೆ ಮುಖದ ಕೆಲಸ ನಿಂದೇ. ಮುಂದಿನ ಪಟಗಳಲ್ಲಿ ತಾಯಿ ಅಂತ ಯಾರು ಬಂದ್ರೂ ಇದೇ ಮುದುಕಿ, ತಿಳೀತಾ? ಇದೇ ಹುಬ್ಬು, ಇದೇ ಬಾಯಿ!"

"ಕೆತ್ತು ಮಗನೇ, ಚೆನ್ನಾಗಿ ಕೆತ್ತು" ಎಂದಳು ಒತಾಕಿ. "ಅವರು ಹೇಗಿದ್ರು ಅಂತ ಲೋಕಕ್ಕೆಲ್ಲ ಗೊತ್ತಾಗ್ಲಿ."

ಕ್ಯೂಬೆಯ ಸಾಕೆಯನ್ನು ಕ್ಯೂಬೆ ಮತ್ತು ಮೊಹೆ ಇಬ್ಬರೇ ಕುಡಿದು ಮುಗಿಸಿದರು. ಹೊಟ್ಟೆ ಕೆಟ್ಟವನಿಗೆ ಕೊಡಕೂಡದೆಂದು ಒತಾಕಿ ದೆಂಪಾಚಿಯ ಬಟ್ಟಲನ್ನು ಎತ್ತಿಟ್ಟಳು. ಮೂಲೆಯ ಅಂಗಡಿಗೆ ಊಹೂಂ ಮುಟ್ಟಿಸುವ ಕೆಲಸವನ್ನು ಒಕುಮಾ ಯಾರೂ ಕೇಳದೆಯೇ ತನ್ನ ಮೇಲೆ ಹಾಕಿಕೊಂಡು, ಹಿಮದಲ್ಲಿ ಓಡಿದಳು.

ಎಲ್ಲರೂ ಹೋದ ಮೇಲೆ ಒತಾಕಿ ಮಗನ ಪಕ್ಕ ಬಂದು ಕುಳಿತಳು.

"ಯಾಕೋ ಮುಖ ಇಷ್ಟು ಸಣ್ಣಗಾಗಿದೆ? ನೋಡ್ಕೊಳ್ಳೋಕೆ ಹೆಂಡ್ತಿ ಇಲ್ಲ ಅಂತ ಚಿಂತೇನಾ?" ಎಂದು ಅವನ ತಲೆ ಸವರಿದಳು. "ಯಾಕೆ ಚಿಂತೆ ಮಾಡ್ತೀಯ? ನಾನಿದ್ದೀನಲ್ಲ. ಕವುಚಿಕೋ, ಇನ್ನೆರಡು ಉಂಡೆ ಉಳಿದಿದೆ."

ದೆಂಪಾಚಿ ಕವುಚಿಕೊಂಡ.